ಮಿಯುರಾ: ಯಂತ್ರಸೌಂದರ್ಯವೂ ಕಾಯಕದೃಷ್ಟಿಯೂ

ಮಾನವನು ಕಟ್ಟಿದ ಯಂತ್ರಗಳಲ್ಲಿ ಕೆಲವು ಹೊಟ್ಟೆಯ ಸಲುವಾಗಿ ಹುಟ್ಟಿದವು, ಕೆಲವು ಕಣ್ಣಿನ ಸಲುವಾಗಿ ಹುಟ್ಟಿದವು. ಗಾಣ, ಮಗ್ಗ, ನೀರೆತ್ತುವ ಪಂಪು, ಹೊಲ ಉಳುವ ಟ್ರಾಕ್ಟರು ಇವೆಲ್ಲ ಮೊದಲನೆಯ ಪಂಗಡಕ್ಕೆ ಸೇರುತ್ತವೆ. ಇಟಲಿಯ ಕುಶಲಕರ್ಮಿಗಳು ನಿರ್ಮಿಸುವ ಮಹಾವೇಗದ ಮೋಟಾರು ಕಾರುಗಳು ಎರಡನೆಯ ಪಂಗಡದವು. ಇಬ್ಬರು ಕೂಡ್ರುವಷ್ಟೇ ಸ್ಥಳ. ಬೆಲೆಯೋ ಸಾಮಾನ್ಯನ ಎಣಿಕೆಗೆ ನಿಲುಕದ್ದು. ಇಂಥ ವಾಹನವೊಂದರ ವಿಚಾರವು ವಿದ್ಯಾಸಂಸ್ಥೆಯೊಂದರ, ಅದರಲ್ಲಿಯೂ ಅನ್ನ ಮತ್ತು ಅಕ್ಷರಗಳ ದಾಸೋಹವನ್ನು ವ್ರತವಾಗಿ ಕೈಕೊಂಡ ಶ್ರೀಮಠದ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಹೇಗೆ ಸಲ್ಲುತ್ತದೆ ಎಂದು ವಾಚಕರು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ.

ಆದರೆ ವಿದ್ಯಾರ್ಥಿನಿಲಯಗಳ ಗೋಡೆಗಳನ್ನು ಕಂಡವರಿಗೆ ಈ ಪ್ರಶ್ನೆಯ ಇನ್ನೊಂದು ಮಗ್ಗುಲೂ ಹೊಳೆಯದಿರದು. ಹುಡುಗರು ಅಂಟಿಸಿಕೊಳ್ಳುವ ಚಿತ್ರಗಳಲ್ಲಿ ನೆಲಕ್ಕೆ ಅಪ್ಪಿಕೊಂಡಂತಿರುವ ಇಂಥ ಕಾರೊಂದು ಇದ್ದೇ ಇರುತ್ತದೆ. ಇದನ್ನು ಕಂಡ ಹಿರಿಯರಲ್ಲಿ ಎರಡು ಬಗೆಯವರುಂಟು. ಸಿರಿವಂತಿಕೆಯ ಹುಚ್ಚೆಂದು ಬಗೆದು ಚಿತ್ರವನ್ನು ಕಿತ್ತುಹಾಕಿಸುವವರು ಕೆಲವರು. ಎಳೆಯ ವಯಸ್ಸಿನ ಆಟವೆಂದು ನಕ್ಕು ಮುಂದೆ ಸಾಗುವವರು ಹಲವರು. ಇವೆರಡೂ ಸಾಲದು. ಬಾಲಕನು ಯಾವುದನ್ನು ಮೆಚ್ಚುತ್ತಾನೆಂಬುದು ಅವನು ಮುಂದೆ ಏನಾಗುವನೆಂಬುದಕ್ಕೆ ಸೂಚನೆ. ಮೆಚ್ಚುಗೆಯನ್ನು ಅಳಿಸುವುದಕ್ಕಿಂತ ಅದಕ್ಕೆ ಕಣ್ಣು ಬರುವಂತೆ ಮಾಡುವುದು ಶಿಕ್ಷಣದ ಧರ್ಮ. ಯಾರು ಕಟ್ಟಿದರು, ಹೇಗೆ ಕಟ್ಟಿದರು, ಯಾರ ಹಣದಿಂದ ಕಟ್ಟಿದರು, ಎಲ್ಲಿ ಎಡವಿದರು ಎಂಬ ನಾಲ್ಕು ಪ್ರಶ್ನೆಗಳನ್ನು ಆ ಚಿತ್ರದ ಮುಂದಿಟ್ಟರೆ ಅದು ಗೋಡೆಯ ಅಲಂಕಾರವಾಗಿ ಉಳಿಯದೆ ಪಾಠವಾಗುತ್ತದೆ. ಈ ಮಾತಿಗೆ 1966ರಲ್ಲಿ ಲೋಕಕ್ಕೆ ಕಾಣಿಸಿಕೊಂಡ ಲ್ಯಾಂಬೊರ್ಗಿನಿ ಮಿಯುರಾ ಎಂಬ ಕಾರಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ವಿರಳ.

ಆ ಕಾರಿನ ಕಥೆ ರೈತನ ಮನೆಯಿಂದ ಆರಂಭವಾಗುತ್ತದೆ. ಫೆರುಚ್ಚೊ ಲ್ಯಾಂಬೊರ್ಗಿನಿ ಅವರು 1916ರಲ್ಲಿ ಉತ್ತರ ಇಟಲಿಯ ರೆನಾಜ್ಜೊ ಎಂಬ ಹಳ್ಳಿಯಲ್ಲಿ ಒಕ್ಕಲಿನ ಕುಟುಂಬದಲ್ಲಿ ಜನಿಸಿದರು. ಹೊಲಕ್ಕಿಂತ ಹೊಲದ ಯಂತ್ರಗಳ ಮೇಲೆ ಅವರಿಗೆ ಒಲವು ಹೆಚ್ಚು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನೆಯ ವಾಹನಗಳ ದುರಸ್ತಿಯ ಕೆಲಸ ಮಾಡಿದರು. ಯುದ್ಧ ಮುಗಿದು ಊರಿಗೆ ಮರಳಿದಾಗ ರೈತರಿಗೆ ಟ್ರಾಕ್ಟರು ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ಸೇನೆ ಬಿಟ್ಟುಹೋದ ವಾಹನಗಳು ಮಾತ್ರ ರಾಶಿ ಬಿದ್ದಿದ್ದವು. ಆ ಹಳೆಯ ಎಂಜಿನ್ನುಗಳನ್ನು ಕೊಂಡು ತಂದು, ಪೆಟ್ರೋಲಿನಿಂದ ಚಾಲೂ ಮಾಡಿ ಬಳಿಕ ಅಗ್ಗದ ಡೀಸೆಲಿನಿಂದ ಓಡಿಸಬಲ್ಲ ಉಪಾಯವನ್ನು ಕೂಡಿಸಿ ಅವರು ಟ್ರಾಕ್ಟರುಗಳನ್ನು ಕಟ್ಟಿದರು. 1948ರಲ್ಲಿ ಆರಂಭವಾದ ಈ ಉದ್ಯಮ ಹತ್ತು ಹದಿನೈದು ವರ್ಷಗಳಲ್ಲಿ ಅವರನ್ನು ಇಟಲಿಯ ಹೆಸರಾಂತ ಉದ್ಯಮಿಗಳ ಸಾಲಿಗೆ ಸೇರಿಸಿತು. ಮುಂದೆ ಬಂದ ಮಹಾವೇಗದ ಕಾರಿನ ಪ್ರತಿಯೊಂದು ತಿರುಪಿನ ಹಿಂದೆಯೂ ಈ ಟ್ರಾಕ್ಟರಿನ ಗಳಿಕೆ ಇದೆಯೆಂಬುದನ್ನು ಮರೆಯಲಾಗದು.

1963ರಲ್ಲಿ ಅವರು ಬೊಲೊನ್ಯಾ ನಗರದ ಸಮೀಪದ ಸಾಂತಾಗಾತಾ ಎಂಬಲ್ಲಿ ಕಾರುಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ತಮ್ಮ ಫೆರಾರಿ ಕಾರಿನ ಕ್ಲಚ್ಚಿನ ದೋಷವನ್ನು ಎತ್ತಿ ತೋರಿಸಿದಾಗ ಎನ್ಜೊ ಫೆರಾರಿ ಅವರು ಅಲಕ್ಷಿಸಿದುದೇ ಇದಕ್ಕೆ ಪ್ರೇರಣೆಯಾಯಿತೆಂಬ ಪ್ರತೀತಿ ಉಂಟು. ಪ್ರತೀತಿ ಹೇಗೇ ಇರಲಿ, ಹೊಸ ಕಾರ್ಖಾನೆಗಾಗಿ ಜೊತ್ತೊ ಬಿಜ್ಜಾರಿನಿ ಎಂಬ ಅನುಭವಿ ಎಂಜಿನಿಯರು ಹನ್ನೆರಡು ಸಿಲಿಂಡರುಗಳ, ಮೂರೂವರೆ ಲೀಟರಿನ ಎಂಜಿನ್ನೊಂದನ್ನು ರೂಪಿಸಿಕೊಟ್ಟರು. ಅದು ಪಂದ್ಯದ ಕಾರಿಗೆ ಒಪ್ಪುವಂಥ ಉಗ್ರ ಸ್ವಭಾವದ್ದಾಗಿತ್ತು. ಅದನ್ನು ದಿನಬಳಕೆಗೆ ಪಳಗಿಸುವ ಹೊಣೆ ಬಿದ್ದುದು ಒಬ್ಬ ತರುಣನ ಮೇಲೆ. ಆತನೇ ಜಾನ್‌ಪಾವ್ಲೊ ದಲ್ಲಾರಾ. ಹಾಗೆ ಪಳಗಿದ ಆ ಎಂಜಿನ್ನಿನ ವಂಶವು ಹಿಗ್ಗುತ್ತ ಬದಲಾಗುತ್ತ 2010ರ ವರೆಗೆ ಆ ಕಂಪನಿಯ ಕಾರುಗಳನ್ನು ಓಡಿಸಿತೆಂಬುದು ಮೂಲ ರಚನೆಯ ಗಟ್ಟಿತನಕ್ಕೆ ಸಾಕ್ಷಿ.

ಕಾರ್ಖಾನೆಯ ಒಡೆಯರ ಇಷ್ಟ ಒಂದು ಬಗೆಯದಾಗಿದ್ದರೆ ತರುಣರ ಕನಸು ಇನ್ನೊಂದು ಬಗೆಯದಾಗಿತ್ತು. ಫೆರುಚ್ಚೊ ಅವರಿಗೆ ಬೇಕಾಗಿದ್ದುದು ದೂರ ಪ್ರಯಾಣಕ್ಕೆ ಒದಗುವ, ಸುಖಾಸನದ, ಸದ್ದಡಗಿದ ಘನವಾದ ಕಾರು. ಪಂದ್ಯಗಳ ಗೊಡವೆ ಅವರಿಗೆ ಬೇಡವಾಗಿತ್ತು. ದಲ್ಲಾರಾ, ಅವರ ಜೊತೆಗಾರ ಪಾವ್ಲೊ ಸ್ತಾಂಜಾನಿ, ಕಾರುಗಳನ್ನು ಓಡಿಸಿ ಪರೀಕ್ಷಿಸುತ್ತಿದ್ದ ನ್ಯೂಜಿಲೆಂಡಿನ ಬಾಬ್ ವಾಲೇಸ್ ಈ ಮೂವರೂ ಪಂದ್ಯದ ಕಾರಿನ ಅಂಗರಚನೆಯುಳ್ಳ, ಆದರೆ ಹೆದ್ದಾರಿಯಲ್ಲಿ ಓಡಿಸಬಹುದಾದ ವಾಹನವೊಂದನ್ನು ಕಟ್ಟಬೇಕೆಂದು ಹಂಬಲಿಸಿದರು. ಹಗಲು ಕಾರ್ಖಾನೆಯ ಕೆಲಸ ಮುಗಿಸಿ ಸಂಜೆ ರಾತ್ರಿಗಳಲ್ಲಿ ತಮ್ಮ ಬಿಡುವಿನ ವೇಳೆಯನ್ನೇ ಇದಕ್ಕೆ ಮುಡಿಪಿಟ್ಟರು. ನಕ್ಷೆ ಸಿದ್ಧವಾದ ಮೇಲೆ ಒಡೆಯರ ಮುಂದೆ ಇಟ್ಟರು. ತಮ್ಮ ಮನಸ್ಸಿಗೆ ವಿರುದ್ಧವಾದ ಕಾರೆಂದು ಅವರು ಅದನ್ನು ತಳ್ಳಿಹಾಕಲಿಲ್ಲ. ಹೆಚ್ಚು ಮಾರಾಟವಾಗದಿದ್ದರೂ ಕಾರ್ಖಾನೆಗೆ ಹೆಸರಾದರೂ ಬರಲಿ ಎಂದು ಒಪ್ಪಿಗೆ ಇತ್ತರು. ಐವತ್ತರ ಹೊಸ್ತಿಲಲ್ಲಿದ್ದ ಯಜಮಾನರು ಮೂವತ್ತು ತುಂಬದ ಹುಡುಗರ ಮೇಲೆ ಇಟ್ಟ ಈ ನಂಬಿಕೆಯೇ ಮಿಯುರಾದ ನಿಜವಾದ ಮೂಲಧಾತು ಎಂದರೆ ಉತ್ಪ್ರೇಕ್ಷೆಯಾಗದು.

ಆ ತರುಣರು ಮಾಡಿದುದೇನು? ಅಂದಿನ ಇಟಲಿಯ ವೇಗದ ಕಾರುಗಳಲ್ಲಿ ಬಹುತೇಕ ಎಂಜಿನ್ನು ಚಾಲಕನ ಮುಂದುಗಡೆ ಇರುತ್ತಿತ್ತು. ಪಂದ್ಯದ ಕಾರುಗಳಲ್ಲಾದರೋ ಅದು ಚಾಲಕನ ಬೆನ್ನ ಹಿಂದೆ, ಹಿಂಗಾಲಿಗಳ ಅಚ್ಚಿಗಿಂತ ಮುಂದೆ ಸರಿದಿತ್ತು. ಇದರ ಕಾರಣ ಸರಳವಾದುದು. ಅಡ್ಡೆಯ ಎರಡು ತುದಿಗಳಿಗೆ ಕೊಡ ಕಟ್ಟಿ ಹೊತ್ತವನು ಒಮ್ಮೆಲೇ ಹೊರಳಲಾರ. ಅದೇ ಭಾರವನ್ನು ಎದೆಗೆ ಅವಚಿಕೊಂಡವನು ಸುಲಭವಾಗಿ ಹೊರಳಬಲ್ಲ. ಭಾರವು ನಡುವಿಗೆ ಸೇರಿದಷ್ಟೂ ವಾಹನ ತಿರುವಿನಲ್ಲಿ ಚುರುಕಾಗುತ್ತದೆ. ಆದರೆ ಹನ್ನೆರಡು ಸಿಲಿಂಡರುಗಳ ಉದ್ದನೆಯ ಎಂಜಿನ್ನನ್ನೂ ಅದರ ಬೆನ್ನಿಗೆ ಗೇರ್‌ಬಾಕ್ಸನ್ನೂ ಉದ್ದುದ್ದಕ್ಕೆ ಇಟ್ಟರೆ ಕಾರು ಬೆಳೆದುಹೋಗುತ್ತದೆ, ಇಬ್ಬರು ಕೂಡ್ರುವ ಸ್ಥಳಕ್ಕೂ ಸಂಚಕಾರ ಬರುತ್ತದೆ. ಆಗ ಅವರು ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿದರು. ಗೇರ್‌ಬಾಕ್ಸನ್ನೂ ಡಿಫರೆನ್ಶಿಯಲನ್ನೂ ಅದರ ಹಿಂದೆ ಸೇರಿಸಿ ಎಲ್ಲವನ್ನೂ ಒಂದೇ ಎರಕದಲ್ಲಿ ಹೊಯ್ದರು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರವನ್ನು ಎರಡೂವರೆ ಮೀಟರಿಗೆ ಹಿಡಿದಿಡುವುದು ಹೀಗೆ ಸಾಧ್ಯವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಂಜಿನ್ನನ್ನು ಅಡ್ಡಲಾಗಿಟ್ಟು ಗೇರುಗಳನ್ನು ಅದಕ್ಕೇ ಕೂಡಿಸುವ ಉಪಾಯಕ್ಕೆ ಪ್ರೇರಣೆಯಾದುದು ಯಾವ ಅರಸುಮಕ್ಕಳ ವಾಹನವೂ ಅಲ್ಲ. 1959ರಲ್ಲಿ ಬ್ರಿಟನ್ನಿನಲ್ಲಿ ಅಲೆಕ್ ಇಸಿಗೋನಿಸ್ ಅವರು ಸಾಮಾನ್ಯ ಜನರಿಗಾಗಿ ರೂಪಿಸಿದ ಮಿನಿ ಎಂಬ ಪುಟ್ಟ ಕಾರು. ಪೆಟ್ರೋಲಿನ ಅಭಾವದ ಕಾಲದಲ್ಲಿ, ಕಡಿಮೆ ಜಾಗದಲ್ಲಿ ನಾಲ್ವರನ್ನು ಕೂಡ್ರಿಸಲು ಹುಟ್ಟಿದ ಆ ಮಿತವ್ಯಯದ ಬುದ್ಧಿಯೇ ಜಗತ್ತಿನ ಅತಿ ವೈಭವದ ಕಾರಿನ ಹೊಟ್ಟೆಯೊಳಗೆ ಅಡಗಿದೆ. ವಿದ್ಯೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಒಳ್ಳೆಯ ವಿಚಾರವು ಯಾರ ಮನೆಯಲ್ಲಿ ದೊರೆತರೂ ಕೈಮುಗಿದು ಸ್ವೀಕರಿಸುವವನೇ ಜಾಣ.

ಈ ಚಾಸಿಯನ್ನು 1965ರ ನವೆಂಬರಿನಲ್ಲಿ ಟ್ಯೂರಿನ್ ನಗರದ ಪ್ರದರ್ಶನದಲ್ಲಿ ಬರಿಮೈಯಲ್ಲಿ ನಿಲ್ಲಿಸಲಾಯಿತು. ಮಡಿಸಿದ ಉಕ್ಕಿನ ತಗಡು, ಭಾರ ತಗ್ಗಿಸಲೆಂದು ಅದರ ತುಂಬ ಕೊರೆದ ರಂಧ್ರಗಳು, ನಡುವೆ ಅಡ್ಡಲಾಗಿ ಮಲಗಿದ ಎಂಜಿನ್ನು. ಕವಚವೇ ಇಲ್ಲದ ಆ ಅಸ್ಥಿಪಂಜರವನ್ನು ಕಂಡು ಬಲ್ಲವರು ಬೆರಗಾದರು. ಅದಕ್ಕೆ ಮೈ ಹೊದಿಸುವ ಕಾರ್ಯವನ್ನು ಬೆರ್ತೋನೆ ಎಂಬ ಪ್ರಸಿದ್ಧ ಕಾರ್ಯಾಗಾರ ವಹಿಸಿಕೊಂಡಿತು. ಅಲ್ಲಿಯೂ ಕೆಲಸ ಸಂದುದು ಇಪ್ಪತ್ತೇಳರ ತರುಣ ಮಾರ್ಚೆಲ್ಲೊ ಗಾಂದಿನಿಗೆ. ನಾಲ್ಕೇ ತಿಂಗಳುಗಳಲ್ಲಿ, 1966ರ ಮಾರ್ಚಿನ ಜಿನೀವಾ ಪ್ರದರ್ಶನದ ಹೊತ್ತಿಗೆ ಕಾರು ಸಿದ್ಧವಾಗಿ ನಿಂತಿತು. ಹೋರಿಗಳ ಕಾಳಗಕ್ಕೆ ಹೆಸರಾದ ಸ್ಪೇನ್ ದೇಶದಲ್ಲಿ ಉಗ್ರ ತಳಿಯ ಗೂಳಿಗಳನ್ನು ಸಾಕುತ್ತಿದ್ದ ಮಿಯುರಾ ಮನೆತನದ ಹೆಸರನ್ನು ಅದಕ್ಕೆ ಇಡಲಾಯಿತು. ಫೆರುಚ್ಚೊ ಅವರದು ವೃಷಭರಾಶಿ. ಕಂಪನಿಯ ಲಾಂಛನವೂ ಗೂಳಿಯೇ.

ಮಿಯುರಾದ ರೂಪವನ್ನು ವರ್ಣಿಸುವಾಗ ಅಲಂಕಾರದ ಮಾತಿಗಿಂತ ಅಳತೆಯ ಮಾತೇ ಮೇಲು. ನೆಲದಿಂದ ಅದರ ಎತ್ತರ ಸುಮಾರು 105 ಸೆಂಟಿಮೀಟರು. ನಿಂತ ಮನುಷ್ಯನ ಸೊಂಟಕ್ಕಿಂತ ತುಸು ಮೇಲೆ. ಮುಂದಿನ ಮತ್ತು ಹಿಂದಿನ ಹೊದಿಕೆಗಳು ಅಲ್ಯೂಮಿನಿಯಮ್ಮಿನವು. ಎರಡನ್ನೂ ಪೂರ್ತಿಯಾಗಿ ಮೇಲೆತ್ತಿದರೆ ಯಂತ್ರದ ಅಂಗಾಂಗವೆಲ್ಲ ಕೈಗೆ ಸಿಗುತ್ತದೆ. ಹಿಂಬದಿಯಲ್ಲಿ ಗಾಜಿನ ಬದಲು ಕಿಟಕಿಯ ಜಾಲಂದರದಂಥ ಪಟ್ಟಿಗಳಿವೆ. ಎಂಜಿನ್ನಿನ ಶಾಖ ಹೊರಹೋಗಲು, ಚಾಲಕನಿಗೆ ಹಿಂದಿನದು ಅಷ್ಟಿಷ್ಟು ಕಾಣಲು ಅವು ಎಡೆಮಾಡಿಕೊಡುತ್ತವೆ. ಮಲಗಿದಂತಿರುವ ದೀಪಗಳ ಸುತ್ತ ರೆಪ್ಪೆಗೂದಲನ್ನು ಹೋಲುವ ಕಪ್ಪು ಗೆರೆಗಳು. ಅನಾವಶ್ಯಕವಾದ ಗೆರೆ ಅದರ ಮೈಮೇಲೆ ಹುಡುಕಿದರೂ ವಿರಳ. ಕಾಲ ಕಳೆದಂತೆ ಹಳತಾಗದ ರೂಪವೇ ಸೌಂದರ್ಯವಾದರೆ ಅರವತ್ತು ವರ್ಷಗಳ ಬಳಿಕವೂ ಮಿಯುರಾ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಗಾಂದಿನಿ ಅವರು 2024ರಲ್ಲಿ ನಿಧನರಾದಾಗ ಜಗತ್ತು ಅವರನ್ನು ಸ್ಮರಿಸಿದುದು ಬಹುಮಟ್ಟಿಗೆ ಈ ಕೃತಿಯ ಮತ್ತು ಇದರ ತಮ್ಮನಾದ ಕೌಂಟಾಕ್ ಕಾರಿನ ಮೂಲಕವೇ.

ಬಲದ ಮಾತಿಗೆ ಬಂದರೆ, 82 ಮಿಲಿಮೀಟರು ವ್ಯಾಸದ, 62 ಮಿಲಿಮೀಟರು ಚಲನೆಯ ಹನ್ನೆರಡು ಸಿಲಿಂಡರುಗಳು ಕೂಡಿ 3929 ಘನ ಸೆಂಟಿಮೀಟರು. ನಿಮಿಷಕ್ಕೆ 7000 ಸುತ್ತುಗಳಲ್ಲಿ 350 ಅಶ್ವಶಕ್ತಿ. ಕಂಪನಿ ಸಾರಿದ ಗರಿಷ್ಠ ವೇಗ ಗಂಟೆಗೆ ಸುಮಾರು 280 ಕಿಲೋಮೀಟರು. ಅಂದರೆ ಕಣ್ಣೆವೆ ಇಕ್ಕಿ ತೆರೆದು ಒಂದು ಸೆಕೆಂಡು ಕಳೆಯುವಷ್ಟರಲ್ಲಿ 78 ಮೀಟರು ದೂರ. ಅಂದಿನ ದಿನಗಳಲ್ಲಿ ಹೆದ್ದಾರಿಯ ಕಾರುಗಳಲ್ಲಿ ಇದನ್ನು ಸರಿಗಟ್ಟುವಂಥವು ಬೆರಳೆಣಿಕೆಯವು.

ಹೊಗಳಿಕೆ ಇಷ್ಟಕ್ಕೆ ಸಾಕು. ಚಿತ್ರದಲ್ಲಿ ಕಾಣದಿರುವುದು ಇನ್ನು ಮುಂದಿದೆ. ಮೂಗಿನ ಭಾಗದಲ್ಲಿ ಪೆಟ್ರೋಲಿನ ಟಾಂಕಿ ಇತ್ತು; ಪೆಟ್ರೋಲು ಮುಗಿಯುತ್ತ ಬಂದಂತೆ ಕಾರಿನ ಮುಂಭಾಗ ಹಗುರವಾಗುತ್ತಿತ್ತು. ಮಹಾವೇಗದಲ್ಲಿ ಗಾಳಿಯು ಮುಂಭಾಗವನ್ನು ಮೇಲೆತ್ತುತ್ತಿತ್ತು. ಗಾಳಿಯ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 140ರಲ್ಲಿ ಒಂದು ಪಾಲಿದ್ದ ಎತ್ತುವಿಕೆ 280ರಲ್ಲಿ ನಾಲ್ಕು ಪಾಲಾಗುತ್ತದೆ. ಯಾವ ವೇಗಕ್ಕಾಗಿ ಕಾರು ಹುಟ್ಟಿತೋ ಆ ವೇಗದಲ್ಲಿಯೇ ಅದರ ಚುಕ್ಕಾಣಿ ಸಡಿಲವಾಗುತ್ತಿತ್ತು. ಎಂಜಿನ್ನಿಗೂ ಗೇರುಗಳಿಗೂ ಒಂದೇ ಎಣ್ಣೆ ಹಂಚಿಕೆಯಾಗುತ್ತಿದ್ದುದರಿಂದ ಗೇರಿನಿಂದ ಸವೆದ ಲೋಹದ ಕಣಗಳು ಎಂಜಿನ್ನನ್ನು ಹೊಕ್ಕುವ ಭಯವಿತ್ತು. ಪಂದ್ಯದ ಕಾರಿಗೆ ತಕ್ಕ ಕಾರ್ಬುರೇಟರುಗಳು ಊರ ಬೀದಿಯಲ್ಲಿ ಕಾರು ನಿಂತು ನಿಂತು ಸಾಗುವಾಗ ಪೆಟ್ರೋಲನ್ನು ಮೇಲ್ಭಾಗದಲ್ಲಿ ಮಡುಗಟ್ಟಿಸುತ್ತಿದ್ದವು. ಹೀಗಾಗಿ ಹಲವು ಮಿಯುರಾಗಳು ಬೆಂಕಿಗೆ ಆಹುತಿಯಾದವು. ರೂಪವು ಪರಿಪೂರ್ಣವಾಗಿದ್ದರೂ ಯಂತ್ರ ಅಪಕ್ವವಾಗಿತ್ತು. ನಾಲ್ಕು ತಿಂಗಳ ಅವಸರಕ್ಕೆ ಪ್ರದರ್ಶನದ ಅಂಗಳ ಚಪ್ಪಾಳೆ ತಟ್ಟಬಹುದು, ಹೆದ್ದಾರಿ ತಟ್ಟದು.

ಇಲ್ಲಿಯೇ ಮಿಯುರಾದ ಕಥೆ ಶಾಲೆಗೆ ಹತ್ತಿರವಾಗುತ್ತದೆ. ಆ ತರುಣರು ಚಪ್ಪಾಳೆಗೆ ಮೈಮರೆತು ಸುಮ್ಮನಾಗಲಿಲ್ಲ. ವಾಲೇಸ್ ಅವರು ಇಟಲಿಯ ಹೆದ್ದಾರಿಗಳಲ್ಲಿ ಕಾರನ್ನು ಓಡಿಸಿ ಓಡಿಸಿ ಅದರ ಒಂದೊಂದು ಕೊರತೆಯನ್ನೂ ಗುರುತಿಸಿದರು. 1968ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ 370 ಅಶ್ವಶಕ್ತಿ, 1971ರ ಮೂರನೆಯದರಲ್ಲಿ 385. ಆದರೆ ಹೆಚ್ಚಿದ ಬಲಕ್ಕಿಂತ ಹೆಚ್ಚಿದ ಹದವೇ ದೊಡ್ಡದು. ಮೂರನೆಯ ಆವೃತ್ತಿಯಲ್ಲಿ ಹಿಂದಿನ ಗಾಲಿಗಳು ಅಗಲವಾದವು, ಹಿಂದಿನ ಸಸ್ಪೆನ್ಶನ್ನು ಬದಲಾಯಿತು, ಕಾರು ನೆಲವನ್ನು ಭದ್ರವಾಗಿ ಹಿಡಿಯಿತು. ಕೊನೆಕೊನೆಯ ಕಾರುಗಳಲ್ಲಿ ಎಂಜಿನ್ನಿನ ಎಣ್ಣೆಯೂ ಗೇರಿನ ಎಣ್ಣೆಯೂ ಬೇರೆಬೇರೆಯಾದವು. ಕಣ್ಣ ರೆಪ್ಪೆಯ ಅಲಂಕಾರವೂ ಆಗ ಕಳಚಿಬಿತ್ತು. ಸ್ತಾಂಜಾನಿ ಅವರು ಈ ಅನುಭವವನ್ನೆಲ್ಲ ಹಿಡಿದು ಮುಂದೆ ಕೌಂಟಾಕ್ ಕಾರಿನಲ್ಲಿ ಎಂಜಿನ್ನನ್ನು ಮತ್ತೆ ಉದ್ದಕ್ಕೆ ಇಟ್ಟು, ಗೇರ್‌ಬಾಕ್ಸನ್ನು ಅದರ ಮುಂದಕ್ಕೆ ತಂದು, ಹಳೆಯ ಸಮಸ್ಯೆಗೆ ಹೊಸದೊಂದು ಉತ್ತರವನ್ನೇ ಬರೆದರು. ತನ್ನ ಜಯಭೇರಿ ಮೊಳಗುತ್ತಿರುವಾಗಲೇ ತನ್ನ ತಪ್ಪನ್ನು ಹುಡುಕಿ ತಿದ್ದಿಕೊಳ್ಳುವ ಗುಣ ಅಪರೂಪದ್ದು. 1973ರ ವರೆಗೆ ತಯಾರಾದ ಸುಮಾರು 760 ಮಿಯುರಾಗಳಲ್ಲಿ ಮೂರನೆಯ ಆವೃತ್ತಿಯವು 150 ಮಾತ್ರ. ಬಲ್ಲವರು ಅವನ್ನೇ ಅತ್ಯುತ್ತಮವೆಂದು ಎಣಿಸುವುದು ಅಕಾರಣವಲ್ಲ.

ಇನ್ನು ಮೌಲ್ಯದ ಪ್ರಶ್ನೆ. 12ನೆಯ ಶತಮಾನದ ಶರಣರು ದುಡಿಮೆಯನ್ನು ಅಳೆಯಲು ಎರಡು ಮಾನದಂಡಗಳನ್ನು ಕೊಟ್ಟರು: ಕಾಯಕ ಮತ್ತು ದಾಸೋಹ. ಕೈಕೊಂಡ ಕೆಲಸವನ್ನು ತನುಮನಗಳ ನಿಷ್ಠೆಯಿಂದ ಮಾಡುವುದು ಕಾಯಕ. ಅದರ ಫಲವನ್ನು ಸಮಾಜಕ್ಕೆ ಅರ್ಪಿಸುವುದು ದಾಸೋಹ. ಮೊದಲನೆಯ ಒರೆಗಲ್ಲಿಗೆ ಹಚ್ಚಿದರೆ ಮಿಯುರಾ ಅಪ್ಪಟ ಬಂಗಾರ. ಕೂಲಿಯ ಲೆಕ್ಕವಿಡದೆ ರಾತ್ರಿಗಳನ್ನು ಸವೆಸಿದ ಎಂಜಿನಿಯರುಗಳು, ತಗಡನ್ನು ಬಡಿದು ಬಾಗಿಸಿದ ಹೆಸರಿಲ್ಲದ ಕಮ್ಮಾರರು, ಪ್ರಾಣವನ್ನು ಪಣವಾಗಿಟ್ಟು ಓಡಿಸಿದ ಪರೀಕ್ಷಕ ಇವರೆಲ್ಲರ ನಿಷ್ಠೆ ವಂದನೀಯ. ಎರಡನೆಯ ಒರೆಗಲ್ಲಿನ ಮೇಲೆ ಮಾತ್ರ ಅದರ ಗೆರೆ ಮಸುಕು. ಬಡವರ ಮಿನಿಯಿಂದ ಬಂದ ಬುದ್ಧಿ ಸಿರಿವಂತರ ಮಿಯುರಾಕ್ಕೆ ಏರಿತೇ ಹೊರತು, ಮಿಯುರಾದಿಂದ ಬಡವರ ಅಂಗಳಕ್ಕೆ ಇಳಿದುದು ಅತ್ಯಲ್ಪ. ಯಂತ್ರವಿದ್ಯೆಯ ಅರಿವು ಬೆಳೆಯಿತೆಂಬುದು ನಿಜ; ಆದರೆ ಅದೇ ಹೆಸರು ಹೊತ್ತ ಟ್ರಾಕ್ಟರು ಯುದ್ಧದಲ್ಲಿ ಬಳಲಿದ ನಾಡಿಗೆ ಅನ್ನ ಬೆಳೆದುಕೊಟ್ಟಿತು. ಕಾಳಗದ ಗೂಳಿಯನ್ನು ನೋಡಲು ಜನ ಸೇರುತ್ತಾರೆ. ಮನೆ ನಡೆಯುವುದು ಹೊಲದ ಎತ್ತಿನಿಂದ.

ಫೆರುಚ್ಚೊ ಅವರ ಬಾಳಿನಲ್ಲಿಯೂ ಈ ಸತ್ಯ ತೋರಿಬಂದಿತು. 1970ರ ದಶಕದ ಆದಿಯಲ್ಲಿ ವಿದೇಶದಿಂದ ಬಂದಿದ್ದ ಟ್ರಾಕ್ಟರುಗಳ ದೊಡ್ಡ ಬೇಡಿಕೆಯೊಂದು ರದ್ದಾಯಿತು. ಎತ್ತು ಕುಂಟಿದೊಡನೆ ಗೂಳಿಗೂ ಮೇವಿಲ್ಲದಾಯಿತು. ಅವರು 1972ರಲ್ಲಿ ಕಾರು ಕಂಪನಿಯ ಹೆಚ್ಚಿನ ಪಾಲನ್ನೂ 1974ರಲ್ಲಿ ಉಳಿದುದನ್ನೂ ಮಾರಿದರು. ಟ್ರಾಕ್ಟರಿನ ಉದ್ಯಮವೂ ಬೇರೆಯವರ ಕೈಸೇರಿತು. ಬಳಿಕ ಉಂಬ್ರಿಯಾ ಪ್ರಾಂತದಲ್ಲಿ ದ್ರಾಕ್ಷಿಯ ತೋಟ ಮಾಡಿಕೊಂಡು, ಹುಟ್ಟಿದ ಮಣ್ಣಿನ ಕೆಲಸಕ್ಕೇ ಮರಳಿ, 1993ರಲ್ಲಿ ಕಾಲವಾದರು. ಕಾರಿನ ಕಂಪನಿ 1978ರಲ್ಲಿ ದಿವಾಳಿಯಾಗಿ, ಹಲವರ ಕೈ ದಾಟಿ, 1998ರಲ್ಲಿ ಜರ್ಮನಿಯ ಆಡಿ ಸಂಸ್ಥೆಗೆ ಸೇರಿತು. ಅವರ ಹೆಸರಿನ ಟ್ರಾಕ್ಟರುಗಳು ಮಾತ್ರ ಬೇರೊಂದು ಸಂಸ್ಥೆಯ ಆಶ್ರಯದಲ್ಲಿ ಇಂದಿಗೂ ಹೊಲಗಳನ್ನು ಉಳುತ್ತಿವೆ.

ಇದರಿಂದ ಕಲಿಯಬೇಕಾದುದು ಮೂವರಿಗೂ ಇದೆ. ಶಿಕ್ಷಕರು ಗೋಡೆಯ ಚಿತ್ರವನ್ನು ಕೀಳಿಸದೆ ಅದನ್ನು ತರಗತಿಗೆ ತರಬೇಕು. ಭಾರಕೇಂದ್ರ, ಗಾಳಿಯ ಬಲ, ಲೋಹ, ಎಣ್ಣೆ, ಬೆಂಕಿ ಇವೆಲ್ಲಕ್ಕೆ ಅದಕ್ಕಿಂತ ರುಚಿಕರವಾದ ಪಾಠೋಪಕರಣ ದೊರೆಯದು. ತಪ್ಪಾದ ಪ್ರಯೋಗವನ್ನು ಕಂಡು ಗದರದೆ, ಮತ್ತೊಮ್ಮೆ ಮಾಡೆಂದು ಹೇಳುವ ತಾಳ್ಮೆಯೂ ಅವರಿಗೆ ಬೇಕು. ತಾಂತ್ರಿಕ ವೃತ್ತಿಗಳಲ್ಲಿ ಮುಂದುವರಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ನಾಲ್ಕು ದಿನ ಶಾಲೆಗೆ ಬಂದು ಹುಡುಗರ ಜೊತೆಗೆ ಕೈ ಮಸಿ ಮಾಡಿಕೊಂಡರೆ ಅದು ಹಾರ ತುರಾಯಿಗಳ ಸನ್ಮಾನಕ್ಕಿಂತ ದೊಡ್ಡ ಗುರುದಕ್ಷಿಣೆ. ದಾನಿಗಳು ಕಟ್ಟಡ ಕಟ್ಟಿಸಿ ಹೆಸರಿನ ಕಲ್ಲು ನೆಡುವುದು ಸ್ತುತ್ಯವೇ; ಆದರೆ ಒಂದು ಲೇತು, ಒಂದು ಬೆಸುಗೆಯ ಯಂತ್ರ, ಬಿಚ್ಚಿ ಜೋಡಿಸಲು ಒಂದು ಹಳೆಯ ಎಂಜಿನ್ನು, ಸಂಜೆಯ ವೇಳೆ ತೆರೆದಿರುವ ಒಂದು ಕಾರ್ಯಾಗಾರ, ಇವುಗಳಿಗೆ ಕೊಟ್ಟ ಹಣವೂ ಅಕ್ಷರದಾಸೋಹವೇ. ಕೊಟ್ಟ ಮೇಲೆ ಇಂಥದೇ ಫಲ ಬರಲೆಂದು ಹಟ ಹಿಡಿಯದಿರುವುದು ದಾನಕ್ಕೆ ಕಳಶ. ತಮಗೆ ಒಪ್ಪದ ಕಾರಿಗೆ ಹಣ ಕೊಟ್ಟ ಆ ರೈತನ ಮಗ ಇದನ್ನು ಬಲ್ಲವರಾಗಿದ್ದರು.

ಹಳ್ಳಿಯ ಹುಡುಗನೊಬ್ಬ ನಾಳೆ ಮಹಾವೇಗದ ಕಾರನ್ನೇ ಕಟ್ಟಬೇಕೆಂದೇನೂ ಇಲ್ಲ. ಕಡಿಮೆ ನೀರಿನಲ್ಲಿ ಹೊಲ ತೋಯಿಸುವ ಯಂತ್ರವನ್ನೋ, ಹೆಂಗಸರ ಸೊಂಟ ಬಗ್ಗದಂತೆ ಕಳೆ ಕೀಳುವ ಸಾಧನವನ್ನೋ ಅವನು ಮಿಯುರಾದಷ್ಟೇ ಅಚ್ಚುಕಟ್ಟಾಗಿ ಕಟ್ಟಿದರೆ ಎರಡು ಒರೆಗಲ್ಲುಗಳ ಮೇಲೆಯೂ ಅವನ ಗೆರೆ ಹೊಳೆಯುತ್ತದೆ. ಅಂಥ ಕೈಗಳು ಈ ಸಂಸ್ಥೆಯ ಬೆಂಚುಗಳ ಮೇಲೆ ಇಂದೂ ಇವೆ. ಅವುಗಳಿಗೆ ಉಪಕರಣ ಸಿಗಲಿ, ಬಿಡುವು ಸಿಗಲಿ, ಹಿರಿಯರ ನಂಬಿಕೆ ಸಿಗಲಿ.